ಸ್ಟೆಂಟ್ ಹಾಕಿದ್ರು, ಮನಸ್ಸನ್ನ ಯಾರು ಕೇಳಿದ್ರು? (ಭಾಗ 6)

ನಮ್ಮ ದೊಡ್ಡಪ್ಪ ಅರಸೀಕೆರೆ ಕಡೆಯವರು, ತೆಂಗಿನ ತೋಟ ಇದೆ. ಅವರಿಗೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸ್ಕೊಂಡು ಮನೆಗೆ ಬಂದಾಗ ಚೀಟಿ ತುಂಬಾ ಸೂಚನೆ ಇತ್ತು: ಉಪ್ಪು ಕಮ್ಮಿ, ಎಣ್ಣೆ ಕಮ್ಮಿ, ಬೀಡಿ ಬಿಡಿ, ವಾಕಿಂಗ್ ಮಾಡಿ. ಒಂದು ತಿಂಗಳಿಗೆ ಮಾತು ನಿಂತೋಯ್ತು. ತೋಟದ ಕಡೆ ಹೋಗಲ್ಲ. ರಾತ್ರಿ ಮೂರಕ್ಕೆ ಎದ್ದು ಜಗಲಿ ಮೇಲೆ ಕೂತಿರ್ತಿದ್ರು. "ಅಟ್ಯಾಕ್ ಆಗಿದೆಯಲ್ಲ, ಸುಸ್ತು ಇರುತ್ತೆ" ಅಂದ್ಕೊಂಡ್ವಿ. ಆಮೇಲೆ ಒಂದಿನ ದೊಡ್ಡಮ್ಮನಿಗೆ ದಿಂಬಿನ ಕೆಳಗೆ ಹದಿನೈದು ದಿನದ ಮಾತ್ರೆ ಹಾಗೇ ಸಿಕ್ತು.

ಸ್ಟೆಂಟ್ ಹಾಕಿಸ್ಕೊಂಡೋರು ರಕ್ತ ಹೆಪ್ಪುಗಟ್ಟದ ಮಾತ್ರೆ ಬಿಟ್ರೆ ಸ್ಟೆಂಟ್ ಒಳಗೇ ಹೆಪ್ಪುಗಟ್ಟಬಹುದು. ಅಂದ್ರೆ ಆ ಹದಿನೈದು ದಿನ ನಮ್ಮ ಅದೃಷ್ಟ, ಅಷ್ಟೇ.

2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿ ಬಂದಾಗ ಜನ ಜಯದೇವ ಆಸ್ಪತ್ರೆ ಮುಂದೆ ಕ್ಯೂ ನಿಂತಿದ್ದು ನೆನಪಿದೆಯಲ್ವಾ? ನಮ್ಮ ಗ್ರೂಪಲ್ಲೂ ಇಸಿಜಿ, ಕೊಲೆಸ್ಟ್ರಾಲ್, ಜಿಮ್ ಅಂತ ಎಷ್ಟು ಚರ್ಚೆ! ಖಿನ್ನತೆ ಅನ್ನೋ ಪದ ಒಬ್ಬರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಇದೇನು ಹೊಸ ವಿಷಯ ಅಲ್ಲ ಕಣ್ರೋ. 1993ರಲ್ಲೇ ಕೆನಡಾದ ಮಾಂಟ್ರಿಯಲ್‌ನಲ್ಲಿ ಹಾರ್ಟ್ ಅಟ್ಯಾಕ್ ಆದ 222 ಜನರನ್ನ ಆರು ತಿಂಗಳು ಗಮನಿಸಿದ್ರು. ಹೃದಯಕ್ಕೆ ಆದ ಹಾನಿ ಲೆಕ್ಕಕ್ಕೆ ತಗೊಂಡ ಮೇಲೂ, ಖಿನ್ನತೆ ಇದ್ದವರಿಗೆ ಸಾವಿನ ಅಪಾಯ ಸುಮಾರು ನಾಲ್ಕು ಪಟ್ಟು. 2014ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ತಜ್ಞರೂ ಇದನ್ನ ಅಪಾಯಕಾರಿ ಅಂಶಗಳ ಪಟ್ಟಿಗೆ ಸೇರಿಸಿ ಅಂದ್ರು. ಹಾರ್ಟ್ ಚೆನ್ನಾಗಿರೋರಲ್ಲೂ ಖಿನ್ನತೆಗೂ ಮುಂದೆ ಬರೋ ಹೃದ್ರೋಗಕ್ಕೂ ನಂಟು ಕಂಡಿದೆ. ಒತ್ತಡದ ಹಾರ್ಮೋನು ಇಳಿಯಲ್ಲ, ಪ್ಲೇಟ್‌ಲೆಟ್‌ಗಳು ಬೇಗ ಅಂಟ್ಕೊಳ್ತವೆ, ನಿದ್ದೆ ಕೆಡುತ್ತೆ, ಸಿಗರೇಟ್ ಜಾಸ್ತಿ ಆಗುತ್ತೆ. ಎಲ್ಲಕ್ಕಿಂತ ಸಿಂಪಲ್ ಕಾರಣ ಆ ದಿಂಬಿನ ಕೆಳಗೇ ಇತ್ತು.

ಇನ್ನೊಂದು ಮಾತು, ಮುಚ್ಚಿಡೋದು ಸರಿಯಲ್ಲ. 2003ರಲ್ಲಿ ಬಂದ ಒಂದು ದೊಡ್ಡ ಅಮೆರಿಕನ್ ಅಧ್ಯಯನದಲ್ಲಿ ಕೌನ್ಸೆಲಿಂಗ್‌ನಿಂದ ರೋಗಿಗಳ ಖಿನ್ನತೆ ಸ್ವಲ್ಪ ಕಮ್ಮಿ ಆಯ್ತು, ಆದ್ರೆ ಸಾವು ಕಮ್ಮಿ ಆಗಲಿಲ್ಲ. "ಹಾಗಾದ್ರೆ ಕೇಳಿ ಏನು ಪ್ರಯೋಜನ?" ಅಂತ ಸೀನಿಯರ್ ಒಬ್ಬರು ನನ್ನನ್ನೇ ಕೇಳಿದ್ರು. ನನಗೆ ಈ ವಾದ ಒಪ್ಪಿಗೆಯಿಲ್ಲ. ರಾತ್ರಿಯೆಲ್ಲಾ ಜಗಲಿ ಮೇಲೆ ಒಬ್ಬರೇ ಕೂರೋದು ನಿಂತ್ರೆ ಅದು ಲೆಕ್ಕಕ್ಕಿಲ್ವಾ?

ಫಾಲೋಅಪ್‌ಗೆ ಬಂದಾಗ ಬಿಪಿ ಪಟ್ಟಿ ಕಟ್ಟೋ ಹೊತ್ತಲ್ಲಿ ಎರಡು ಪ್ರಶ್ನೆ ಕೇಳಬಹುದು. ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸ್ತಾ? ಮನಸ್ಸು ಕುಗ್ಗಿದೆಯಾ? ಡಾಕ್ಟರ್ ಕೇಳದಿದ್ರೆ ಮನೆಯವರೇ ಕೇಳಿ, ಹೌದು ಅಂದ್ರೆ ಡಾಕ್ಟರ್‌ಗೆ ಹೇಳಿ. "ಟೆನ್ಷನ್ ಮಾಡ್ಕೋಬೇಡಿ" ಅನ್ನೋದು ಚಿಕಿತ್ಸೆ ಅಲ್ಲ, ಬಾಯಿ ಮುಚ್ಚಿಸೋ ಮಾತು. ಯಾರ ಹತ್ರ ಹೋಗೋದು ಗೊತ್ತಾಗದಿದ್ರೆ ಟೆಲಿ ಮಾನಸ್ 14416, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.

ದೊಡ್ಡಪ್ಪ ಈಗ ಎರಡೂ ಕಡೆ ತೋರಿಸ್ತಿದ್ದಾರೆ. ಮೊನ್ನೆ ಫೋನ್ ಮಾಡಿದಾಗ ಕೊಬ್ಬರಿ ರೇಟ್ ಬಗ್ಗೆ ಅರ್ಧ ಗಂಟೆ ಬೈದ್ರು.