ಕಾರಿನ ಹೊಗೆ ಯಾರ ಖಾತೆಗೆ?

ಕಲಬುರಗಿಯಿಂದ ಕಮಲಾಪುರಕ್ಕೆ ಹೋಗಿಬರುವ ಕಾರೊಂದು 4 ಲೀಟರ್ ಪೆಟ್ರೋಲ್ ಸುಡುತ್ತದೆನ್ನಿ. ಆ ಪೆಟ್ರೋಲಿನ ತೂಕ ಸುಮಾರು 3 ಕಿಲೋ. ಅದರಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡ್ 9 ಕಿಲೋ! ಇದೆಂಥ ಲೆಕ್ಕ ಅಂತೀರಾ? ಪೆಟ್ರೋಲಿನ ಇಂಗಾಲ ಉರಿಯುವಾಗ ಗಾಳಿಯ ಆಮ್ಲಜನಕವನ್ನೂ ಕೂಡಿಸಿಕೊಳ್ಳುತ್ತದೆ, ತೂಕ ಏರುತ್ತದೆ. ಅಸಲಿಗಿಂತ ಬಡ್ಡಿ ದೊಡ್ಡದಾಗುವುದು ನಮಗೇನು ಹೊಸದಲ್ಲ.

ಈ ಅನಿಲದಲ್ಲಿ ಒಂದು ಪಾಲು ನೂರಾರು ವರ್ಷ ಮೇಲೆಯೇ ಉಳಿದು ಭೂಮಿಯ ಕಾವು ಹೊರಹೋಗದಂತೆ ತಡೆಯುತ್ತದೆ. ಹವೆ 1 ಡಿಗ್ರಿ ಬಿಸಿಯಾದರೆ ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿ ಹಿಡಿಯುತ್ತದೆ. ಹಿಡಿದದ್ದನ್ನು ಒಮ್ಮೆಲೇ ಸುರಿಯುತ್ತದೆ. ಎರೆ ಹೊಲದಲ್ಲಿ ನೀರು ನಿಂತರೆ ತೊಗರಿಯ ಬೇರು ಉಳಿದೀತೇ? 2025ರ ಸೆಪ್ಟೆಂಬರಿನಲ್ಲಿ ಭೀಮೆ ಉಕ್ಕಿದಾಗ ನಮ್ಮ ಜಿಲ್ಲೆ ಅದನ್ನು ಕಂಡಿತು. ಆ ಒಂದು ಮಳೆಯನ್ನು ಯಾವುದೋ ಒಂದು ಕಾರಿನ ತಲೆಗೆ ಕಟ್ಟಲಾಗದು, ನಿಜ. ಅಂಥ ಮಳೆ ಹೆಚ್ಚುವುದರಲ್ಲಿ ಎಲ್ಲ ಕಾರುಗಳ ಪಾಲೂ ಇದೆ ಎಂಬುದೂ ಅಷ್ಟೇ ನಿಜ.

ಕಮಲಾಪುರದ ಕೆಂಪು ಬಾಳೆ ಸಾದಾ ಬಾಳೆಗಿಂತ ತಿಂಗಳುಗಟ್ಟಲೆ ತಡವಾಗಿ ಕೈಗೆ ಬರುತ್ತದೆ. ಅಷ್ಟೂ ದಿನದ ಬಿಸಿಲು, ಬಿರುಗಾಳಿಯ ನಷ್ಟ ಬೆಳೆದವನದೇ.

ನಮ್ಮ ಟ್ರ್ಯಾಕ್ಟರೂ ಡೀಸೆಲ್ ಕುಡೀತದ, ಖರೆ. ಅದು ಅನ್ನಕ್ಕೆ. ಪ್ಯಾಟಿಯೊಳಗ ಒಬ್ಬೊಬ್ಬರಿಗೆ ಒಂದೊಂದು ಕಾರು ಯಾತಕ್ಕೆ? ಕಾರಿನ ಸಾಲಕ್ಕೆ ಶೋರೂಮಿನಲ್ಲೇ ಸಹಿ ಆಗುತ್ತದೆ. ಬೆಳೆ ಹೋದವನ ಮನೆಗೆ ಬರುವುದು ನೋಟೀಸು. ಪೆಟ್ರೋಲಿನ ಮೇಲೆ ಸರ್ಕಾರಗಳು ಎತ್ತುವ ತೆರಿಗೆಯಲ್ಲಿ ಹಳ್ಳಿಗೆ ಎಷ್ಟು ಬಸ್ಸು ಬಂದವು, ಮುಳುಗಿದ ಹೊಲಕ್ಕೆ ಎಷ್ಟು ಬಂತು? ಮುಂದಿನ ಸಲ ಮತ ಕೇಳಲು ಬಂದವರನ್ನು ನಿಲ್ಲಿಸಿ ಈ ಲೆಕ್ಕ ಕೇಳ್ರಿ.