ಹುಟ್ಟದೇ ಉಳಿದ ನಿಲ್ದಾಣಗಳು

ಪಾಳುಬಿದ್ದ ರೈಲು ನಿಲ್ದಾಣವೆಂದರೆ ನಮ್ಮ ಬರಹಗಾರರಿಗೆ ಎಲ್ಲಿಲ್ಲದ ಅಕ್ಕರೆ. ದೇವನಹಳ್ಳಿ ಕಡೆಯ ದೊಡ್ಡಜಾಲದಂಥ ಹಳೆಯ ಕಲ್ಲುಕಟ್ಟಡವೊಂದು ಕಣ್ಣಿಗೆ ಬಿದ್ದರೆ ಸಾಕು, ತುಕ್ಕು ಹಿಡಿದ ಗಂಟೆ, ಒಂಟಿ ಬೆಂಚು, ಕೊನೆಗೊಂದು ನಿಟ್ಟುಸಿರು. ಈ ವಿರಹ ಓದಿ ಓದಿ ನನಗೆ ಸಾಕಾಗಿದೆ. ಬೆಳಗಾವಿ ಜಿಲ್ಲೆಯ ನಮ್ಮ ಗಡಿಭಾಗದಲ್ಲಿ ಸತ್ತ ನಿಲ್ದಾಣಕ್ಕಿಂತ ಹುಟ್ಟದೇ ಉಳಿದ ನಿಲ್ದಾಣದ ಕತೆ ದೊಡ್ಡದು.

ಚಿಕ್ಕೋಡಿಯ ಸ್ಟೇಷನ್ ಎಲ್ಲಿ ಎಂದು ಕೇಳಿ ನೋಡಿ. ‘ಚಿಕ್ಕೋಡಿ ರೋಡ್’ ಎನ್ನುತ್ತಾರೆ. ರೈಲ್ವೆಯವರು ಊರಿನ ಹೆಸರಿಗೆ ‘ರೋಡ್’ ಅಂಟಿಸಿದರೆ, ಊರು ಇಲ್ಲಿಲ್ಲ, ಇಳಿದು ಬೇರೆ ಗಾಡಿ ಹಿಡಿಯಿರಿ ಎಂದರ್ಥ. ಗೋಕಾಕ ರೋಡೂ ಹಾಗೆಯೇ. 1876–78ರ ಭೀಕರ ಬರದ ನಂತರ, 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ಮಿರಜ್‌ನಿಂದ ಲೋಂಡಾಕ್ಕೆ ಹಾಕಿದ ಹಳಿ ಶೇಡಬಾಳ, ಉಗಾರ ಖುರ್ದ, ಕುಡಚಿ, ಚಿಂಚಲಿ, ರಾಯಬಾಗ ಮುಟ್ಟಿ ದಕ್ಷಿಣಕ್ಕೆ ಹೋಯಿತು. ಅಥಣಿ ಒಂದು ಬದಿಗೆ ಉಳಿಯಿತು, ಚಿಕ್ಕೋಡಿ, ನಿಪ್ಪಾಣಿ ಇನ್ನೊಂದು ಬದಿಗೆ. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. ‘ರೋಡ್’ ಹೋಗಲಿಲ್ಲ.

ಕೊಲ್ಹಾಪುರದ ಸಂಸ್ಥಾನ ಮಾತ್ರ ತನ್ನದೇ ರೊಕ್ಕ ಹಾಕಿ 1891ರಲ್ಲೇ ಮಿರಜ್‌ನಿಂದ ರೈಲು ತರಿಸಿಕೊಂಡಿತು. ಅಥಣಿಯಲ್ಲಿ ಹೊಲಿದ ಚಪ್ಪಲಿ ಕೊಲ್ಹಾಪುರದ ಹೆಸರಲ್ಲಿ ಮಾರಾಟವಾಗುವುದಕ್ಕೂ ಇದಕ್ಕೂ ನಂಟಿದೆ ಎಂದು ಸಾಧಿಸಲಾರೆ, ಸಂಶಯವಂತೂ ಇದೆ. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಬೆಲೆ ಕೇಳಿ ಕೂತದ್ದು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ. ಗೋಲಿಬಾರಿನಲ್ಲಿ ರೈತರು ಸತ್ತರು. ತಡೆಯೋಣವೆಂದರೆ ಆ ಊರಿಗೆ ರೈಲೇ ಇರಲಿಲ್ಲ, ಈಗಲೂ ಇಲ್ಲ. 2010–11ರಲ್ಲಿ ಮಂಜೂರಾದ ಬಾಗಲಕೋಟೆ–ಕುಡಚಿ ಮಾರ್ಗದ ಹಳಿ ಇನ್ನೂ ಕುಡಚಿ ತಲುಪಿಲ್ಲ.

ಬಸ್ಸಿದೆಯಲ್ಲ ಎನ್ನುವವರಿದ್ದಾರೆ. ಇದೆ. ಆದರೆ ಮಿರಜ್ ಆಸ್ಪತ್ರೆಗೆ ಹೋಗುವ ಮುದುಕಿಗೆ, ಮಾಯಕ್ಕನ ಜಾತ್ರೆಗೆ ಚಿಂಚಲಿಗೆ ಬರುವ ಕೂಲಿಯವರಿಗೆ ಪ್ಯಾಸೆಂಜರ್ ಗಾಡಿಯಷ್ಟು ಅಗ್ಗದ್ದು ಇನ್ನೊಂದಿಲ್ಲ. ಅದಕ್ಕೂ ಕೈ ಹಾಕಿದರು. ಕೋವಿಡ್ ಕಾಲದಲ್ಲಿ ದೇಶದುದ್ದಕ್ಕೂ ಪ್ಯಾಸೆಂಜರ್ ಗಾಡಿಗಳನ್ನು ನಿಲ್ಲಿಸಿ, ಮರಳಿ ಬಿಡುವಾಗ ಎಕ್ಸ್‌ಪ್ರೆಸ್ ಎಂದು ಕರೆದು, ಕನಿಷ್ಠ ದರವನ್ನು 10 ರೂಪಾಯಿಯಿಂದ 30ಕ್ಕೆ ಏರಿಸಿದರು. ವೇಗ ಹೆಚ್ಚಲಿಲ್ಲ, ಹೆಸರಷ್ಟೇ ಹೆಚ್ಚಿತು. ಹಳೆಯ ದರ ಮರಳಿದ್ದು 2024ರ ಫೆಬ್ರುವರಿಯಲ್ಲಿ, ಲೋಕಸಭೆ ಚುನಾವಣೆ ಹೊಸ್ತಿಲಲ್ಲಿದ್ದಾಗ. ಅಷ್ಟು ದಿನ ಕಿಟಕಿಯಲ್ಲಿ ಹೆಚ್ಚಿಗೆ ಎಣಿಸಿಕೊಟ್ಟ ಆ 20 ರೂಪಾಯಿಯ ಮೇಲೆ ನಮ್ಮ ಯಾವ ನಿಲ್ದಾಣಪ್ರೇಮಿಯೂ ಒಂದು ಸಾಲು ಬರೆದದ್ದನ್ನು ನಾನು ಓದಿಲ್ಲ.