ಮನೆಯೊಳಗಿನ ಸ್ಮಾರ್ಟ್ ಸೈಕಲ್ ಟ್ರೈನರ್: ಗಂಟೆಗೆ 1000 ಕ್ಯಾಲೊರಿ ಕರಗುವುದು ನಿಜವೇ?

‘ಮಳೆ, ಟ್ರಾಫಿಕ್, ಹೊಗೆ ಯಾವುದರ ಕಾಟವೂ ಇಲ್ಲ. ಮನೆಯಲ್ಲೇ ಒಂದು ಗಂಟೆ ಪೆಡಲ್ ತುಳಿಯಿರಿ, 1000 ಕ್ಯಾಲೊರಿ ಕರಗಿಸಿ!’ ಈ ಧಾಟಿಯ ಸಂದೇಶಗಳು ಅಪಾರ್ಟ್‌ಮೆಂಟ್‌ಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತವೆ. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: ‘ಮನೆಯೊಳಗೆ ಸೈಕಲ್ ತುಳಿದರೆ ಮಂಡಿ ಸವೆಯುತ್ತದೆ, ಕರೆಂಟ್ ಬಿಲ್ ಏರುತ್ತದೆ, ಹೃದಯಕ್ಕೂ ಅಪಾಯ.’ ಎರಡನ್ನೂ ಒಂದೇ ದಿನ ಓದಿದವರು ಯಾವುದನ್ನು ನಂಬಬೇಕು?

ದಕ್ಷಿಣ ಬೆಂಗಳೂರಿನಲ್ಲಿ ಈ ಪ್ರಶ್ನೆ ಕೇಳುವವರು ಹೆಚ್ಚುತ್ತಿರುವುದಕ್ಕೆ ಕಾರಣವೂ ಇದೆ. ಜಯನಗರದಲ್ಲಿ ಸೈಕಲ್‌ಗಳಿಗೆಂದೇ ಗುರುತಿಸಿದ್ದ ಪಥಗಳು ಕಾರು, ಸ್ಕೂಟರ್ ನಿಲ್ಲಿಸುವ ಜಾಗಗಳಾದವು. ಭಾನುವಾರ ನಸುಕಿನಲ್ಲಿ ಕನಕಪುರ ರಸ್ತೆಗೋ ತುರಹಳ್ಳಿ ಕಾಡಿನ ಕಡೆಗೋ ಸೈಕಲ್ ಏರಿ ಹೋಗಬಹುದು. ಆದರೆ ವಾರದ ದಿನಗಳಲ್ಲಿ ಕೆಲಸ ಮುಗಿಸಿ, ಸಿಲ್ಕ್ ಬೋರ್ಡ್ ದಾಟಿ ಬಿಟಿಎಂ ಲೇಔಟ್‌ನ ಮನೆ ಸೇರುವ ಹೊತ್ತಿಗೆ ರಸ್ತೆಗಿಳಿಯುವ ಧೈರ್ಯ ಉಳಿದಿರುವುದಿಲ್ಲ. ಹಾಗಾಗಿ ಮನೆಯೊಳಗೇ ಸೈಕಲ್ ತುಳಿಯುವ ಯೋಚನೆ ಬರುತ್ತದೆ. ಅದಕ್ಕೆ ಹಣ ಸುರಿಯುವ ಮೊದಲು ಒಂದೇ ಒಂದು ಪದವನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ಸಾಕು. ಆ ಪದ ‘ವ್ಯಾಟ್’.

ಸ್ಮಾರ್ಟ್ ಟ್ರೈನರ್ ಎಂದರೇನು?

ಇದು ಜಿಮ್‌ನಲ್ಲಿರುವಂಥ ಇಡೀ ಸೈಕಲ್ ಅಲ್ಲ. ನಿಮ್ಮ ಸೈಕಲ್ಲಿನ ಹಿಂಬದಿಯನ್ನು ಹಿಡಿದು ನಿಲ್ಲಿಸುವ ಸ್ಟ್ಯಾಂಡ್. ಇದರಲ್ಲಿ ಎರಡು ಬಗೆ. ‘ವೀಲ್-ಆನ್’ ಬಗೆಯಲ್ಲಿ ಹಿಂದಿನ ಚಕ್ರ ಹಾಗೆಯೇ ಇರುತ್ತದೆ, ಟಯರ್ ಒಂದು ರೋಲರ್‌ಗೆ ಒತ್ತಿಕೊಂಡು ತಿರುಗುತ್ತದೆ. ‘ಡೈರೆಕ್ಟ್ ಡ್ರೈವ್’ ಬಗೆಯಲ್ಲಿ ಹಿಂದಿನ ಚಕ್ರವನ್ನೇ ಬಿಚ್ಚಿ, ಚೈನನ್ನು ಟ್ರೈನರ್‌ನ ಗೇರ್ ಹಲ್ಲುಗಳಿಗೆ ನೇರವಾಗಿ ಹಾಕುತ್ತೇವೆ.

ಹಾಗಾದರೆ ‘ಸ್ಮಾರ್ಟ್’ ಯಾವುದು? ಒಳಗೆ ವಿದ್ಯುತ್ಕಾಂತವಿದ್ದು, ಪೆಡಲ್ ಎಷ್ಟು ಬಿಗಿಯಾಗಬೇಕು ಎಂಬುದನ್ನು ಮೊಬೈಲ್ ಆ್ಯಪ್ ನಿರ್ಧರಿಸುತ್ತದೆ. ಜ್ವಿಫ್ಟ್, ಮೈವೂಶ್‌ನಂಥ ಆ್ಯಪ್‌ಗಳ ಪರದೆಯ ಮೇಲೆ ಬೆಟ್ಟ ಬಂದರೆ ಕಾಲಿಗೂ ಬೆಟ್ಟ ಹತ್ತಿದ ಅನುಭವವಾಗುತ್ತದೆ. ನೀವು ಪ್ರತಿ ಸೆಕೆಂಡಿಗೆ ಎಷ್ಟು ಶಕ್ತಿ ಹಾಕುತ್ತಿದ್ದೀರಿ ಎಂಬುದನ್ನು ಅದು ವ್ಯಾಟ್‌ನಲ್ಲಿ ತೋರಿಸುತ್ತದೆ. ಇದು ಬರೀ ಆಟಿಕೆಯಲ್ಲ. 2020ರಲ್ಲಿ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಇಂಥ ಟ್ರೈನರ್‌ಗಳ ಮೇಲೆಯೇ ಮೊದಲ ಇ-ಸ್ಪೋರ್ಟ್ಸ್ ವಿಶ್ವ ಚಾಂಪಿಯನ್‌ಷಿಪ್ ನಡೆಸಿತು.

1000 ಕ್ಯಾಲೊರಿಯ ಲೆಕ್ಕ

ಈಗ ಮೊದಲ ಸಂದೇಶಕ್ಕೆ ಬರೋಣ. ನೀವು 150 ವ್ಯಾಟ್‌ನಲ್ಲಿ ಒಂದು ಗಂಟೆ ತುಳಿದಿರಿ ಎಂದಿಟ್ಟುಕೊಳ್ಳಿ. 150 ಅನ್ನು 3600 ಸೆಕೆಂಡುಗಳಿಂದ ಗುಣಿಸಿದರೆ 540 ಕಿಲೋಜೂಲ್. ಇದು ಪೆಡಲ್‌ಗೆ ಮುಟ್ಟಿದ ಕೆಲಸ. ಆದರೆ ನಮ್ಮ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಶೇ 20ರಿಂದ 25 ಮಾತ್ರ ಪೆಡಲ್ ಮುಟ್ಟುತ್ತದೆ, ಉಳಿದದ್ದು ಶಾಖವಾಗುತ್ತದೆ. ಹಾಗಾಗಿ ದೇಹ ನಿಜವಾಗಿ ಖರ್ಚು ಮಾಡಿದ್ದು ಅದರ ನಾಲ್ಕೈದು ಪಟ್ಟು. ಅದನ್ನು ಕ್ಯಾಲೊರಿಗೆ ಬದಲಿಸಲು ಮತ್ತೆ 4.18ರಿಂದ ಭಾಗಿಸಬೇಕು. ಗುಣಾಕಾರ, ಭಾಗಾಕಾರ ಎರಡೂ ಹೆಚ್ಚುಕಡಿಮೆ ಒಂದನ್ನೊಂದು ಹೊಡೆದುಹಾಕುವುದರಿಂದ ಸುಲಭದ ಸೂತ್ರವೊಂದು ಸಿಗುತ್ತದೆ: ಕಿಲೋಜೂಲ್ ಎಷ್ಟೋ, ಆಹಾರದ ಲೆಕ್ಕದ ಕ್ಯಾಲೊರಿಯೂ ಸುಮಾರು ಅಷ್ಟೇ ಅಥವಾ ಅದಕ್ಕಿಂತ ತುಸು ಹೆಚ್ಚು. 150 ವ್ಯಾಟ್‌ಗೆ ಗಂಟೆಗೆ 500ರಿಂದ 650 ಕ್ಯಾಲೊರಿ.

1000 ಕ್ಯಾಲೊರಿ ಮುಟ್ಟಬೇಕಾದರೆ ಇಡೀ ಒಂದು ಗಂಟೆ 230ರಿಂದ 290 ವ್ಯಾಟ್ ಹಾಕಬೇಕು. ಅದು ವರ್ಷಗಟ್ಟಲೆ ತರಬೇತಿ ಪಡೆದವರ ಮಟ್ಟ. ಹೊಸಬರು 100 ವ್ಯಾಟ್ ಆಸುಪಾಸಿನಲ್ಲಿ ಅರ್ಧ ಗಂಟೆ ತುಳಿಯುವುದೇ ಒಳ್ಳೆಯ ಆರಂಭ. ಅದಕ್ಕೆ ಸುಮಾರು 180 ಕ್ಯಾಲೊರಿ. ವಾರಕ್ಕೆ ಐದು ದಿನ ತುಳಿದರೆ 900. ದೇಹದ ಒಂದು ಕಿಲೋ ಕೊಬ್ಬಿಗೆ ಸುಮಾರು 7700 ಕ್ಯಾಲೊರಿ ಎಂದು ಹಿಡಿದರೆ, ಊಟ ಹೆಚ್ಚಿಸದಿದ್ದರೂ ಒಂದು ಕಿಲೋ ಇಳಿಯಲು ಎಂಟೊಂಬತ್ತು ವಾರ ಬೇಕು. ಇದು ನಿರಾಶೆಯ ಲೆಕ್ಕವಲ್ಲ, ನಿಜವಾದ ಲೆಕ್ಕ. ಹದಿನೈದು ದಿನ ತುಳಿದು ‘ತೂಕ ಇಳಿಯಲೇ ಇಲ್ಲ’ ಎಂದು ಟ್ರೈನರ್ ಮೇಲೆ ಬಟ್ಟೆ ಒಣಗಹಾಕುವವರಿಗೆ ಈ ಲೆಕ್ಕ ಮೊದಲೇ ಗೊತ್ತಿದ್ದರೆ ಒಳ್ಳೆಯದಿತ್ತು.

ಹೆಚ್ಚು ಬೆವರಿದರೆ ಹೆಚ್ಚು ಕೊಬ್ಬು ಕರಗುತ್ತದೆಯೇ?

ಇಲ್ಲ. ಇದು ಬಹಳ ಜನ ನಂಬಿರುವ ಮತ್ತು ನಂಬಿದವರಿಗೆ ತೊಂದರೆ ಕೊಡುವ ಮಾತು. ಪೆಡಲ್‌ಗೆ 150 ವ್ಯಾಟ್ ಹಾಕುವಾಗ ದೇಹದೊಳಗೆ 450ರಿಂದ 600 ವ್ಯಾಟ್ ಶಾಖ ಹುಟ್ಟುತ್ತಿರುತ್ತದೆ. ಅಂದರೆ ನೀವೇ ಒಂದು ಪುಟ್ಟ ರೂಮ್ ಹೀಟರ್. ಆ ಶಾಖವನ್ನು ಹೊರಹಾಕಲು ದೇಹ ಬೆವರುತ್ತದೆ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 2400 ಕಿಲೋಜೂಲ್ ಶಾಖ ಹೋಗುತ್ತದೆ. ಆದರೆ ಅದು ಚರ್ಮದ ಮೇಲೆ ಆವಿಯಾಗಬೇಕು. ನೆಲಕ್ಕೆ ತೊಟ್ಟಿಕ್ಕಿದ ಬೆವರು ದೇಹವನ್ನು ತಂಪು ಮಾಡುವುದಿಲ್ಲ, ನೀರು ಮತ್ತು ಉಪ್ಪನ್ನು ಮಾತ್ರ ಕಳೆಯುತ್ತದೆ. ತುಳಿದು ಇಳಿದ ತಕ್ಷಣ ತಕ್ಕಡಿಯಲ್ಲಿ ಕಡಿಮೆಯಾಗಿ ಕಾಣುವ ತೂಕ ಮುಖ್ಯವಾಗಿ ನೀರು. ಎರಡು ಲೋಟ ನೀರು ಕುಡಿದರೆ ಬಹುಪಾಲು ವಾಪಸ್ ಬರುತ್ತದೆ.

ರಸ್ತೆಯಲ್ಲಿ ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗುವಾಗ ಸೆಕೆಂಡಿಗೆ ಸುಮಾರು 7 ಮೀಟರ್ ವೇಗದ ಗಾಳಿ ಮೈಗೆ ಬಡಿಯುತ್ತದೆ. ಕೋಣೆಯಲ್ಲಿ ಆ ಗಾಳಿ ಸೊನ್ನೆ. ಬೆವರು ಆರದಿದ್ದರೆ ದೇಹ ಕಾಯುತ್ತದೆ, ಚರ್ಮದ ಕಡೆ ಹೆಚ್ಚು ರಕ್ತ ಹರಿಸಬೇಕಾಗುತ್ತದೆ, ಅಷ್ಟೇ ವ್ಯಾಟ್‌ಗೂ ಹೃದಯ ಹೆಚ್ಚು ಬಡಿಯುತ್ತದೆ. ಫ್ಯಾನ್ ಆರಿಸಿ, ಪ್ಲಾಸ್ಟಿಕ್ ಜಾಕೆಟ್ ತೊಟ್ಟು ತುಳಿಯುವವರು ಕೊಬ್ಬನ್ನು ಹೆಚ್ಚು ಕರಗಿಸುತ್ತಿಲ್ಲ, ಹೃದಯವನ್ನು ಹೆಚ್ಚು ದಣಿಸುತ್ತಿದ್ದಾರೆ.

ಆದ್ದರಿಂದ ಟ್ರೈನರ್ ಜೊತೆಗೆ ಮೊದಲು ಕೊಳ್ಳಬೇಕಾದದ್ದು ಒಂದು ಒಳ್ಳೆಯ ಪೆಡೆಸ್ಟಲ್ ಫ್ಯಾನ್. ಅದನ್ನು ಎದುರಿಗೆ, ಎದೆಯ ಮಟ್ಟಕ್ಕೆ ಇಡಿ. ಬಾಗಿ ಕೂತವರಿಗೆ ಸೀಲಿಂಗ್ ಫ್ಯಾನ್ ಗಾಳಿ ಬೆನ್ನಿಗೆ ತಗಲುತ್ತದೆಯೇ ಹೊರತು ಎದೆಗಲ್ಲ. ‘ಬೆಂಗಳೂರಿನಲ್ಲಿ ಸೆಕೆ ಎಲ್ಲಿದೆ’ ಎನ್ನಬೇಡಿ. ಏಪ್ರಿಲ್ ಮಧ್ಯಾಹ್ನಗಳಲ್ಲಿ ಬಿಸಿಲು, ಮಳೆಗಾಲದ ಸಂಜೆಗಳಲ್ಲಿ ತೇವ. ಎರಡರಲ್ಲೂ ಫ್ಯಾನ್ ಬೇಕೇ ಬೇಕು.

ಕಿಟಕಿ ತೆರೆಯುವಾಗಲೂ ಯೋಚಿಸಿ. ಜೋರಾಗಿ ತುಳಿಯುವಾಗ ನಾವು ಒಳಗೆಳೆದುಕೊಳ್ಳುವ ಗಾಳಿ, ಸುಮ್ಮನೆ ಕೂತಾಗಿನ ಹತ್ತು ಪಟ್ಟಿನವರೆಗೂ ಏರಬಹುದು. ಮುಖ್ಯರಸ್ತೆಯ ಕಡೆಯ ಕಿಟಕಿಗಿಂತ ಹಿತ್ತಲ ಕಡೆಯದು ವಾಸಿ. ಒಗ್ಗರಣೆ ಹೊಗೆ, ಊದುಬತ್ತಿ, ಸೊಳ್ಳೆ ಕಾಯಿಲ್ ಇರುವ ಹೊತ್ತು, ಜಾಗ ಎರಡನ್ನೂ ತಪ್ಪಿಸಿ.

ಕರೆಂಟ್ ಬಿಲ್ ಏರುತ್ತದೆಯೇ? ಕರೆಂಟ್ ತಯಾರಿಸಬಹುದೇ?

ಟ್ರೈನರ್‌ನ ಅಡಾಪ್ಟರ್ ಮೇಲೆ ವೋಲ್ಟ್ ಮತ್ತು ಆಂಪಿಯರ್ ಬರೆದಿರುತ್ತದೆ. ಎರಡನ್ನೂ ಗುಣಿಸಿದರೆ ಸಿಗುವುದು ಗರಿಷ್ಠ ವ್ಯಾಟ್. ಸಾಮಾನ್ಯವಾಗಿ ಅದು ಹಳೆಯ ಸೀಲಿಂಗ್ ಫ್ಯಾನ್ ಎಳೆಯುವ 75 ವ್ಯಾಟ್‌ನ ಒಳಗೇ ಇರುತ್ತದೆ. ಬೆಸ್ಕಾಂ ಬಿಲ್ಲಿನಲ್ಲಿ ಅದು ಕಣ್ಣಿಗೂ ಬೀಳದು.

ಇನ್ನು ‘ಸೈಕಲ್ ತುಳಿದು ಮನೆಗೆ ಕರೆಂಟ್’ ಎಂಬ ವಿಡಿಯೊಗಳು. 150 ವ್ಯಾಟ್‌ನಲ್ಲಿ ಒಂದು ಗಂಟೆ ತುಳಿದರೆ, ಒಂದಿಷ್ಟೂ ಪೋಲಾಗದಿದ್ದರೂ ಸಿಗುವುದು 0.15 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿದರೂ ಒಂದು ರೂಪಾಯಿ ಆಗಲಿಲ್ಲ.

ಮಂಡಿ ಸವೆಯುತ್ತದೆಯೇ?

ಸೈಕಲ್ ಮೇಲೆ ದೇಹದ ಭಾರವನ್ನು ಬಹುಪಾಲು ಸೀಟು ಹೊರುವುದರಿಂದ, ಓಟಕ್ಕೆ ಹೋಲಿಸಿದರೆ ಮಂಡಿಗೆ ಬೀಳುವ ಪೆಟ್ಟು ಕಡಿಮೆ. ನೋವು ಬರುವುದು ಹೆಚ್ಚಾಗಿ ಸೀಟಿನ ಎತ್ತರ ತಪ್ಪಿದಾಗ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಅದನ್ನು ಅತ್ಯಂತ ಕೆಳಕ್ಕೆ ತಂದಾಗ ಕಾಲು ನೆಟ್ಟಗಾಗಬೇಕು. ಆಮೇಲೆ ಮಾಮೂಲಿನಂತೆ ಮುಂಗಾಲಿನಲ್ಲಿ ತುಳಿದರೆ ಮಂಡಿ 25ರಿಂದ 35 ಡಿಗ್ರಿಯಷ್ಟು ಬಾಗಿರುತ್ತದೆ. ಸೀಟು ತೀರಾ ಕೆಳಗಿದ್ದರೆ ಮಂಡಿಯ ಮುಂಭಾಗ ನೋಯುತ್ತದೆ, ತೀರಾ ಮೇಲಿದ್ದರೆ ಹಿಂಭಾಗ.

ರಸ್ತೆಯಲ್ಲಿ ಹಂಪ್, ಸಿಗ್ನಲ್, ಇಳಿಜಾರು ಎಂದು ನಾವು ಆಗಾಗ ಸೀಟಿನಿಂದ ಏಳುತ್ತೇವೆ, ಪೆಡಲ್ ನಿಲ್ಲಿಸುತ್ತೇವೆ. ಟ್ರೈನರ್ ಮೇಲೆ ಇದಾವುದೂ ಇಲ್ಲ. ಹತ್ತು ನಿಮಿಷಕ್ಕೊಮ್ಮೆ ಎದ್ದು ನಿಂತು ತುಳಿದರೆ ಜೋಮು ಹಿಡಿಯುವುದು ಕಡಿಮೆಯಾಗುತ್ತದೆ.

ಹೊಸಬರು ಗಮನಿಸಬೇಕಾದ ಇನ್ನೊಂದು ಸಂಗತಿ ‘ಅರ್ಗ್ ಮೋಡ್’. ಇದರಲ್ಲಿ 150 ವ್ಯಾಟ್ ಎಂದು ನಿಗದಿ ಮಾಡಿದರೆ ಯಂತ್ರ ಅಷ್ಟನ್ನು ವಸೂಲಿ ಮಾಡಿಯೇ ತೀರುತ್ತದೆ. ನೀವು ದಣಿದು ನಿಧಾನ ಮಾಡಿದರೆ ಪೆಡಲ್ ಇನ್ನಷ್ಟು ಬಿಗಿಯಾಗುತ್ತದೆ. ಬಿಗಿಯಾದಷ್ಟೂ ನೀವು ನಿಧಾನ, ನಿಧಾನವಾದಷ್ಟೂ ಅದು ಬಿಗಿ. ಮೊದಲ ಕೆಲವು ವಾರ ಈ ಮೋಡ್ ಬೇಡ.

ಹೃದಯದ ಭಯ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಇಡೀ ಕರ್ನಾಟಕ ಬೆಚ್ಚಿತು. ಮುಂದಿನ ದಿನಗಳಲ್ಲಿ ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆಗೆ ತಪಾಸಣೆಗೆಂದು ಬರುವವರು ಹೆಚ್ಚಾದರು. ‘ವ್ಯಾಯಾಮವೇ ಅಪಾಯ’ ಎಂಬ ಸಂದೇಶಗಳೂ ಹರಡಿದವು.

ವೈದ್ಯ ವಿಜ್ಞಾನ ಹೇಳುವುದು ಇಷ್ಟು: ಅಭ್ಯಾಸವಿಲ್ಲದವರು ಏಕಾಏಕಿ ತೀವ್ರವಾಗಿ ದಣಿದರೆ ಆ ಹೊತ್ತಿನ ಮಟ್ಟಿಗೆ ಹೃದಯದ ಅಪಾಯ ಏರುತ್ತದೆ. ನಿಯಮಿತವಾಗಿ ವ್ಯಾಯಾಮ ಮಾಡುವವರಲ್ಲಿ ಒಟ್ಟಾರೆ ಅಪಾಯ ಇಳಿಯುತ್ತದೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ವ್ಯಾಯಾಮ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಧ್ಯಮ ಎಂದರೆ ತುಳಿಯುತ್ತಲೇ ಮಾತಾಡಬಹುದು, ಹಾಡಲಾಗದು. ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತದ ಇತಿಹಾಸವಿರುವವರು ಮೊದಲು ವೈದ್ಯರನ್ನು ಕಾಣಲಿ. ತುಳಿಯುವಾಗ ಎದೆ ಬಿಗಿತ, ದವಡೆ ಅಥವಾ ತೋಳಿಗೆ ಹರಡುವ ನೋವು, ತಲೆಸುತ್ತು ಕಂಡರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ‘ಗ್ಯಾಸ್ ಇರಬೇಕು’ ಎಂದು ಕಾಯಬೇಡಿ.

ಕೊಳ್ಳುವ ಮುನ್ನ

ದುಬಾರಿಯದೇ ಬೇಕೆಂದಿಲ್ಲ. ಡೈರೆಕ್ಟ್ ಡ್ರೈವ್‌ಗಳಲ್ಲಿ ವ್ಯಾಟ್ ಅಳತೆಯ ವ್ಯತ್ಯಾಸ ಶೇ 1ರಿಂದ 2.5, ವೀಲ್-ಆನ್‌ಗಳಲ್ಲಿ ಶೇ 3ರಿಂದ 5 ಎಂದು ತಯಾರಕರು ಸಾಮಾನ್ಯವಾಗಿ ಹೇಳಿಕೊಳ್ಳುತ್ತಾರೆ. 150 ವ್ಯಾಟ್‌ನಲ್ಲಿ ಶೇ 5 ಎಂದರೆ ಏಳೆಂಟು ವ್ಯಾಟ್. ರೇಸ್ ಮಾಡುವವರಿಗೆ ಅದು ದೊಡ್ಡದು, ಆರೋಗ್ಯಕ್ಕಾಗಿ ತುಳಿಯುವವರಿಗೆ ಅಲ್ಲ. ಡೈರೆಕ್ಟ್ ಡ್ರೈವ್‌ನ ನಿಜವಾದ ಲಾಭ ಕಡಿಮೆ ಸದ್ದು ಮತ್ತು ಟಯರ್ ಸವೆಯದಿರುವುದು.

ನಿಮ್ಮ ಸೈಕಲ್ಲಿನ ಹಿಂದಿನ ಆಕ್ಸಲ್ ಯಾವುದು ನೋಡಿ: ಲಿವರ್ ತಿರುಗಿಸಿ ಬಿಚ್ಚುವ 130 ಅಥವಾ 135 ಮಿ.ಮೀ. ಕ್ವಿಕ್ ರಿಲೀಸೋ, 142 ಅಥವಾ 148 ಮಿ.ಮೀ. ಥ್ರೂ-ಆಕ್ಸಲೋ? ಎಷ್ಟು ಗೇರ್? ಡೈರೆಕ್ಟ್ ಡ್ರೈವ್‌ಗೆ ಸೈಕಲ್ಲಿನಲ್ಲಿರುವಷ್ಟೇ ಗೇರ್‌ನ ಕ್ಯಾಸೆಟ್ ಹಾಕಿಸಬೇಕು. 7 ಗೇರ್‌ನ ಹಲವು ಹೈಬ್ರಿಡ್ ಸೈಕಲ್‌ಗಳಲ್ಲಿರುವುದು ತಿರುಪಿ ಕೂರಿಸುವ ಫ್ರೀವೀಲ್. ಅದು ಟ್ರೈನರ್‌ಗೆ ಕೂರುವುದಿಲ್ಲ, ಬೇರೆ ಕ್ಯಾಸೆಟ್, ಸ್ಪೇಸರ್ ಬೇಕಾಗುತ್ತದೆ. ದಪ್ಪ ಗುಬುಟಿನ ಎಂಟಿಬಿ ಟಯರ್ ವೀಲ್-ಆನ್ ಮೇಲೆ ಗುಡುಗುತ್ತದೆ, ನುಣುಪು ಟಯರ್ ಹಾಕಿಸಿ. ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಬಿಲ್ ಮಾಡಿಸುವ ಮೊದಲೇ ಕೇಳಿ.

ಜೋಡಿಸುವಾಗ

ಜೆ.ಪಿ. ನಗರದ ಅಪಾರ್ಟ್‌ಮೆಂಟ್ ಆಗಲಿ, ಬನಶಂಕರಿಯ ಬಾಡಿಗೆ ಮಹಡಿಯಾಗಲಿ, ಕೆಳಗಿನ ಮನೆಯವರಿಗೆ ಹೆಚ್ಚು ತಟ್ಟುವುದು ಗಾಳಿಯಲ್ಲಿ ಬರುವ ಸದ್ದಲ್ಲ, ಸ್ಲ್ಯಾಬ್ ಮೂಲಕ ಇಳಿಯುವ ನಡುಕ. ಸ್ಲ್ಯಾಬ್ ಹೆಚ್ಚು ಅದುರುವುದು ಕೋಣೆಯ ನಡುವೆ. ಹಾಗಾಗಿ ಪಿಲ್ಲರ್ ಅಥವಾ ಗೋಡೆಯ ಪಕ್ಕ, ದಪ್ಪ ರಬ್ಬರ್ ಮ್ಯಾಟ್ ಮೇಲೆ ಇಡಿ. ಬೆಳಿಗ್ಗೆ ಐದಕ್ಕೆ ಶುರು ಮಾಡುವ ಮೊದಲು ಕೆಳಗಿನವರನ್ನು ಒಮ್ಮೆ ಮಾತಾಡಿಸಿ.

ಹಿಂದಿನ ಚಕ್ರ ಬಿಚ್ಚಿದ ಮೇಲೆ ಡಿಸ್ಕ್ ಬ್ರೇಕ್ ಲಿವರ್ ಒತ್ತಬೇಡಿ, ಪ್ಯಾಡ್‌ಗಳ ನಡುವೆ ಸ್ಪೇಸರ್ ಇಡಿ. ವೀಲ್-ಆನ್ ಆದರೆ ಪ್ರತಿ ಸಲ ಟಯರ್‌ನಲ್ಲಿ ಒಂದೇ ಒತ್ತಡದ ಗಾಳಿ ಇರಲಿ. ಹತ್ತು-ಹದಿನೈದು ನಿಮಿಷ ತುಳಿದು ಬಿಸಿಯಾದ ಮೇಲೆ ಆ್ಯಪ್‌ನಲ್ಲಿ ‘ಸ್ಪಿನ್‌ಡೌನ್’ ಮಾಡಿ, ಇಲ್ಲದಿದ್ದರೆ ವ್ಯಾಟ್ ಅಂಕಿ ದಿನಕ್ಕೊಂದಾಗುತ್ತದೆ. ಬ್ಲೂಟೂತ್‌ನಲ್ಲಿ ಹಲವು ಟ್ರೈನರ್‌ಗಳು ಒಂದು ಸಲಕ್ಕೆ ಒಂದೇ ಸಾಧನದೊಂದಿಗೆ ಮಾತಾಡುತ್ತವೆ. ಲ್ಯಾಪ್‌ಟಾಪ್‌ಗೆ ಟ್ರೈನರ್ ಕಾಣುತ್ತಿಲ್ಲವೆಂದರೆ ಮೊಬೈಲ್‌ನಲ್ಲಿ ಆ್ಯಪ್ ತೆರೆದೇ ಇದೆಯೇ ನೋಡಿ. ಹ್ಯಾಂಡಲ್ ಮೇಲೊಂದು ಟವೆಲ್ ಹಾಸಿ, ಬೆವರಿನ ಉಪ್ಪು ಬೋಲ್ಟ್‌ಗಳನ್ನು ತುಕ್ಕು ಹಿಡಿಸುತ್ತದೆ.

ಮುಂದೆ ಇಂಥ ಸಂದೇಶ ಬಂದಾಗ ಒಂದು ಸಣ್ಣ ಗುಣಾಕಾರ ಮಾಡಿ: ವ್ಯಾಟ್ ಅನ್ನು 3.6ರಿಂದ ಗುಣಿಸಿದರೆ ಗಂಟೆಗೆ ಖರ್ಚಾಗುವ ಕ್ಯಾಲೊರಿಯ ಅಂದಾಜು ಸಿಗುತ್ತದೆ. 100 ವ್ಯಾಟ್‌ಗೆ 360. ಫಾರ್ವರ್ಡ್ ಮಾಡುವುದಿದ್ದರೆ ಈ ಲೆಕ್ಕವನ್ನು ಮಾಡಿ.